ಒಬ್ಬಳೇ ಆಫ್ರಿಕಾ ಸುತ್ತಬಹುದಾ? ಸಿಂಹದ ಮಾತು ಆಮೇಲೆ, ಮೊದಲು ಜಲ್ಲಿ ರೋಡಿನ ವಿಷಯ

ಪ್ರಶ್ನೆ: ನನಗೆ 36 ವರ್ಷ. ಊರು ಸಾಗರ, ಕೆಲಸ ಬೆಂಗಳೂರಲ್ಲಿ. ಹೋದ ವರ್ಷ ನನ್ನ ಬ್ರೆಜಾ ಕಾರಲ್ಲಿ ಒಬ್ಳೇ ಹಿಮಾಚಲದ ಸ್ಪಿತಿಗೆ ಹೋಗಿ ಬಂದೆ. ಈ ಸಲ ಜುಲೈನಲ್ಲಿ 20 ದಿನ ರಜ ಸಿಕ್ಕಿದೆ. ಜೊಹಾನ್ಸ್‌ಬರ್ಗಲ್ಲಿ ಇಳಿದು, ಮೇಲೆ ಟೆಂಟ್ ಇರೋ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಪವರ್ ಹೋಗೋ ಗಾಡಿ) ಬಾಡಿಗೆಗೆ ತಗೊಂಡು ಕ್ರೂಗರ್ ಕಾಡು, ಬೋಟ್ಸ್‌ವಾನಾ, ವಿಕ್ಟೋರಿಯಾ ಫಾಲ್ಸ್, ಅಲ್ಲಿಂದ ನಮೀಬಿಯಾದ ಎಟೋಷಾ ಕಾಡು, ಸಮುದ್ರದಂಚಿನ ಸ್ವಾಕೊಪ್‌ಮುಂಡ್ ಊರು, ಸೊಸುಸ್‌ಫ್ಲೇ ಮರಳುದಿಬ್ಬ ನೋಡ್ಕೊಂಡು ಕೇಪ್‌ಟೌನಲ್ಲಿ ಗಾಡಿ ವಾಪಸ್ ಕೊಡೋದು ಅಂತ ಪ್ಲ್ಯಾನ್. ಮ್ಯಾಪಲ್ಲಿ ಸುಮಾರು 5,500 ಕಿ.ಮೀ. ತೋರಿಸ್ತಿದೆ. ಅಮ್ಮ "ಟೆಂಟಲ್ಲಿ ಒಬ್ಳೇ ಮಲಗಿದ್ದಾಗ ಸಿಂಹ ಬಂದ್ರೆ ಏನೇ ಮಾಡ್ತೀಯ" ಅಂತ ದಿನಾ ಕೇಳ್ತಾರೆ, ಅಣ್ಣ ದರೋಡೆ ವಿಡಿಯೋ ಕಳಿಸ್ತಾನೇ ಇದಾನೆ. ನನಗಿರೋ ಭಯ ಅಂದ್ರೆ ಯಾರೂ ಇಲ್ಲದ ಕಡೆ ಪಂಕ್ಚರ್ ಆದ್ರೆ ಅನ್ನೋದು. ಪೂರ್ತಿ ಸಸ್ಯಾಹಾರಿ ಬೇರೆ. ಹೆಣ್ಣುಮಗಳು ಒಬ್ಳೇ ಹೋಗೋದು ಹುಚ್ಚುತನಾನಾ, ನೇರವಾಗಿ ಹೇಳಿ.

ಉತ್ತರ: ಹೋಗೋದು ಹುಚ್ಚುತನ ಅಲ್ಲ ಮೇಡಂ, ಆದ್ರೆ ನೀವು ಹಾಕಿರೋ ಪ್ಲ್ಯಾನ್ ಸ್ವಲ್ಪ ಹುಚ್ಚೇ, ಬೇಜಾರು ಮಾಡ್ಕೋಬೇಡಿ. ನಮ್ಮ ಕಡೆಯವರಿಗೆ ಸೌತರ್ನ್ ಆಫ್ರಿಕಾದಲ್ಲಿ ಸೆಲ್ಫ್ ಡ್ರೈವ್ ಟ್ರಿಪ್ ಹೊಂದಿಸಿ ಕೊಡೋದು ನನ್ನ ಕಸುಬು, ಹದಿನಾಲ್ಕು ವರ್ಷ ಆಯ್ತು, ವರ್ಷಕ್ಕೆ ಒಂದು ಸಲನಾದ್ರೂ ನಾನೇ ಹೋಗಿ ಆ ರೋಡುಗಳಲ್ಲಿ ಓಡಿಸಿ ಬರ್ತೀನಿ. ಇಷ್ಟು ವರ್ಷದಲ್ಲಿ ನಾನು ಕಳಿಸಿದವರಲ್ಲಿ ಸಿಂಹದಿಂದ ತೊಂದರೆ ಆಯ್ತು ಅಂತ ಫೋನ್ ಮಾಡಿದವರು ಒಬ್ಬರೂ ಇಲ್ಲ. ಬ್ಯಾಗು, ಫೋನು ಕಳ್ಕೊಂಡವರು ಕೆಲವರಿದ್ದಾರೆ. ಖಾಲಿ ರೋಡಲ್ಲಿ, ಎದುರಿಗೆ ಒಂದು ನರಪಿಳ್ಳೆ ಇಲ್ಲದ ಕಡೆ, ತಾವೇ ಗಾಡಿ ಪಲ್ಟಿ ಹೊಡೆಸಿದವರು ಅದಕ್ಕಿಂತ ಜಾಸ್ತಿ ಜನ. ನಿಮ್ಮಮ್ಮ, ನಿಮ್ಮಣ್ಣ, ನೀವು ಮೂರೂ ಜನ ಹೆದರ್ತಿರೋ ಮೂರೂ ವಿಷಯಕ್ಕಿಂತ ನಾನು ಹೆದರೋದು ಆ ನಾಲ್ಕನೇದಕ್ಕೆ, ಅದು ನಿಮ್ಮ ಪತ್ರದಲ್ಲೇ ಇಲ್ಲ.

ಅಮ್ಮನ ಪ್ರಶ್ನೆ ಬೇಗ ಮುಗಿಸಿಬಿಡೋಣ. ಎಟೋಷಾದಲ್ಲಿ ನೀವು ಉಳ್ಕೊಳ್ಳೋ ಒಕಾಕುಯೋ, ಹಲಾಲಿ, ನಮುಟೋನಿ ಕ್ಯಾಂಪುಗಳಿಗೆಲ್ಲ ಸುತ್ತ ಬೇಲಿ ಇದೆ, ಸೂರ್ಯ ಮುಳುಗೋದ್ರೊಳಗೆ ಗೇಟಿನ ಒಳಗೆ ಬಂದುಬಿಡಬೇಕು. ಒಕಾಕುಯೋದಲ್ಲಿ ನೀರಿನ ಹೊಂಡಕ್ಕೆ ರಾತ್ರಿಯೆಲ್ಲ ಲೈಟ್ ಹಾಕಿರ್ತಾರೆ, ಗೋಡೆ ಈಚೆ ಬೆಂಚಲ್ಲಿ ಸ್ವೆಟರ್ ಹೊದ್ದು ಕೂತ್ರೆ ಘೇಂಡಾಮೃಗ ಬಂದು ನೀರು ಕುಡಿಯೋದು ಕಾಣುತ್ತೆ. ಅಲ್ಲಿ ನಿಮಗೆ ತೊಂದರೆ ಕೊಡೋ ಪ್ರಾಣಿ ಅಂದ್ರೆ ನರಿ. ಹೊರಗೆ ಬಿಟ್ಟ ಚಪ್ಪಲಿ, ಬ್ರೆಡ್ಡು ಎಲ್ಲಾ ಎತ್ಕೊಂಡು ಹೋಗುತ್ತೆ. ಬೋಟ್ಸ್‌ವಾನಾದ ಮೊರೆಮಿ, ಚೋಬೆ ಕಾಡುಗಳ ಒಳಗಿನ ಕ್ಯಾಂಪುಗಳ ಕಥೆ ಬೇರೆ, ಅಲ್ಲಿ ಬೇಲಿ ಇಲ್ಲ, ಆನೆ ಕತ್ತೆಕಿರುಬ ರಾತ್ರಿ ಟೆಂಟಿನ ಪಕ್ಕದಲ್ಲೇ ಓಡಾಡುತ್ವೆ. ಅಲ್ಲೂ ನಿಯಮ ಪಾಲಿಸಿದವರಿಗೆ ಏನಾಗೋದು ಬಹಳ ಅಪರೂಪ: ಕತ್ತಲಾದ ಮೇಲೆ ಟೆಂಟಿಂದ ಇಳಿಯಂಗಿಲ್ಲ, ಹಣ್ಣು ತರಕಾರಿ ಹೊರಗೆ ಇಡಂಗಿಲ್ಲ. ಕಿತ್ತಳೆ ವಾಸನೆಗೆ ಆನೆ ಬರುತ್ತೆ. ಆದ್ರೆ ಮೊದಲ ಸಲ, ಒಬ್ಬರೇ, ಅಲ್ಲಿಗೆ ಬೇಡ ಅಂತೀನಿ, ಕಾರಣ ಪ್ರಾಣಿಗಿಂತ ಜಾಸ್ತಿ ಅಲ್ಲಿನ ಮರಳು. ಹೂತ್ಕೊಂಡ್ರೆ ತಳ್ಳೋಕೆ ಇನ್ನೊಬ್ಬರು ಇಲ್ಲ, ಇಳಿದು ಸಲಿಕೆ ಹಿಡಿದ್ರೆ ಬೆನ್ನ ಹಿಂದೆ ನೋಡೋಕೆ ಇನ್ನೊಂದು ಜೊತೆ ಕಣ್ಣೂ ಇಲ್ಲ.

ಈಗ ನನ್ನ ವಿಷಯಕ್ಕೆ ಬರ್ತೀನಿ. ನಮೀಬಿಯಾ 8.24 ಲಕ್ಷ ಚದರ ಕಿ.ಮೀ., ಕರ್ನಾಟಕದ ನಾಲ್ಕು ಪಟ್ಟಿಗಿಂತ ದೊಡ್ಡದು, 2023ರ ಜನಗಣತಿ ಪ್ರಕಾರ ಜನ 30 ಲಕ್ಷ ಚಿಲ್ಲರೆ ಅಷ್ಟೇ. ಊರಿಂದೂರಿಗೆ ಹೋಗೋ ಬಿ ನಂಬರಿನ ಮೇನ್ ರೋಡುಗಳು ಟಾರು, ಚೆನ್ನಾಗಿವೆ, ನಮ್ಮ ಹಾಗೇ ಎಡಗಡೆ ಓಡಿಸೋದು, ಸ್ಟೇರಿಂಗೂ ಬಲಕ್ಕೇ. ನೀವು ನೋಡಬೇಕು ಅಂತಿರೋ ಜಾಗಗಳಿಗೆ ಹೋಗೋ ಸಿ ಮತ್ತು ಡಿ ನಂಬರಿನ ರೋಡುಗಳು ಬಹುಪಾಲು ಜಲ್ಲಿ. ನಮ್ಮ ಹಳ್ಳಿ ಮಣ್ಣು ರೋಡು ನೆನೆಸ್ಕೋಬೇಡಿ, ನಮ್ಮ ರೋಡಲ್ಲಿ ಗುಂಡಿ ಇರುತ್ತೆ, ಎಮ್ಮೆ ಅಡ್ಡ ಬರುತ್ತೆ, ಹಾಗಾಗಿ ಅದೇ ನಿಮ್ಮನ್ನ 30ರಲ್ಲಿ ಇಟ್ಟಿರುತ್ತೆ. ಅಲ್ಲಿ ರೋಡು ಅಗಲ, ನೇರ, ಮುಂದೆ 5 ಕಿ.ಮೀ. ಕಾಣುತ್ತೆ, ಮಧ್ಯಾಹ್ನ ಆದ್ರೂ ಎದುರಿಗೆ ನಾಲ್ಕು ಗಾಡಿ ಬಂದಿರಲ್ಲ. ಕಾಲು ತಾನಾಗೇ ಒತ್ತುತ್ತೆ.

ಅಲ್ಲೊಂದು ಮೋಸ ಇದೆ, ಅದನ್ನ ಬಿಡಿಸಿ ಹೇಳ್ಬೇಕು. ಗಾಡಿಗಳು ಓಡಾಡಿ ಓಡಾಡಿ ಆ ರೋಡಿನ ಮೇಲೆ ಮೊಳಕ್ಕೊಂದರಂತೆ ಅಡ್ಡಡ್ಡ ಏಣು ಬಿದ್ದಿರುತ್ತೆ, ನೇಗಿಲ ಸಾಲಿನ ಥರ. 40ರಲ್ಲಿ ಹೋದ್ರೆ ಹಲ್ಲು ಕಟಕಟ ಅನ್ನುತ್ತೆ, ಡ್ಯಾಶ್‌ಬೋರ್ಡ್ ಕಳಚಿ ಬೀಳುತ್ತೇನೋ ಅನ್ಸುತ್ತೆ. ತಡೀರಿ ಅಂತ 80 ದಾಟಿಸಿದ್ರೆ ಎಲ್ಲಾ ಸದ್ದು ನಿಂತು ಗಾಡಿ ಬೆಣ್ಣೆ ಹಾಗೆ ಹೋಗುತ್ತೆ. ಹೊಸಬರು ಏನಂದ್ಕೋತಾರೆ ಅಂದ್ರೆ, ಓ ಈ ರೋಡಿಗೆ ಇದೇ ಸರಿಯಾದ ಸ್ಪೀಡು. ನಿಜ ಏನಂದ್ರೆ ಚಕ್ರ ಒಂದು ಏಣಿನ ತಲೆಯಿಂದ ಇನ್ನೊಂದರ ತಲೆಗೆ ಹಾರ್ತಾ ಇದೆ, ನೆಲಕ್ಕೆ ತಾಗ್ತಿರೋದೇ ಕಮ್ಮಿ. ನೇರ ಹೋಗ್ತಿರೋವರೆಗೆ ಏನೂ ಗೊತ್ತಾಗಲ್ಲ, ಒಂದು ತಿರುವು ಬಂದಾಗ, ಒಂದು ಕಾಡುಹಂದಿ ಅಡ್ಡ ಬಂದಾಗ, ಬ್ರೇಕು ಸ್ಟೇರಿಂಗು ಎರಡೂ ನಿಮ್ಮ ಮಾತು ಕೇಳಲ್ಲ. ಇದರ ಮೇಲೆ ನೀವು ಕೇಳ್ತಿರೋ ಗಾಡಿ ಎಂಥದ್ದು ನೋಡಿ, ಎತ್ತರದ ಪಿಕಪ್ಪು, ತಲೆ ಮೇಲೆ ಟೆಂಟಿನ ಭಾರ. ಸ್ಟೇರಿಂಗ್ ಎಳೆದ್ರೆ ಹಿಂಬದಿ ಜಾರುತ್ತೆ, ಗಾಬರಿಲಿ ಆ ಕಡೆಗೆ ಎಳೀತೀರ, ಟೈರು ರೋಡಂಚಿನ ಮೆತ್ತನೆ ಮರಳಿಗೆ ಕಚ್ಕೊಳ್ಳುತ್ತೆ, ಗಾಡಿ ಮಗುಚುತ್ತೆ. ಅಲ್ಲಿನ ಟೂರಿಸ್ಟ್ ಆಕ್ಸಿಡೆಂಟುಗಳಲ್ಲಿ ಎಷ್ಟೋ ಇದೇ ಮಾದರಿ, ಇನ್ನೊಂದು ಗಾಡಿಯೇ ಇರಲ್ಲ.

ನನಗೂ ಆಗಿತ್ತು, ಶುರುವಿನ ವರ್ಷಗಳಲ್ಲಿ. ಸಾಲಿಟೇರ್ ಅಂತ ಒಂದು ಜಾಗ ಇದೆ, ಒಂದು ಪೆಟ್ರೋಲ್ ಬಂಕು, ಒಂದು ಬೇಕರಿ, ತುಕ್ಕು ಹಿಡಿದ ಹಳೇ ಕಾರುಗಳು, ಊರು ಅಂದ್ರೆ ಅಷ್ಟೇ. ಅಲ್ಲಿ ಆಪಲ್ ಪೈ ತಿಂದು ವಾಲ್ವಿಸ್ ಬೇ ಕಡೆ ಹೊರಟಿದ್ದೆ, ಮೂರು ಗಂಟೆ ಬಿಸಿಲು, ಸ್ಪೀಡು 95 ಇತ್ತೇನೋ. ಎಡಗಡೆ ಚಕ್ರ ಎರಡೂ ರೋಡು ಸಮ ಮಾಡೋ ಗ್ರೇಡರ್ ಯಂತ್ರ ತಳ್ಳಿಟ್ಟ ಸಡಿಲ ಜಲ್ಲಿ ಸಾಲಿನ ಮೇಲೆ ಏರಿದ್ವು. ಸದ್ದು ಬದಲಾಗಿದ್ದು ಮೊದಲು ಗೊತ್ತಾಯ್ತು, ಚರಚರ ಅಂತ, ಆಮೇಲೆ ಹಿಂಬದಿ ನಿಧಾನವಾಗಿ ನನ್ನನ್ನ ಓವರ್‌ಟೇಕ್ ಮಾಡೋಕೆ ಬಂದ ಹಾಗೆ ಪಕ್ಕಕ್ಕೆ ಬಂತು. ಬ್ರೇಕ್ ಒತ್ತದೇ ಇದ್ದಿದ್ದು ಬುದ್ಧಿವಂತಿಕೆ ಅಂತ ಹೇಳ್ಕೊಳ್ಳಲ್ಲ, ಕಾಲು ಮರಗಟ್ಟಿ ಹೋಗಿತ್ತು ಅಷ್ಟೇ. ಗಾಡಿ ಎರಡು ಸಲ ಬಾಲ ಅಲ್ಲಾಡಿಸಿ ರೋಡಿನ ಆಚೆ ಮಗ್ಗುಲಲ್ಲಿ ನಿಂತ್ಕೊಳ್ತು, ಧೂಳು ಇಳಿಯೋಕೆ ಎರಡು ನಿಮಿಷ ಆಯ್ತು, ಆಮೇಲೆ ನಲವತ್ತು ನಿಮಿಷ ಒಂದೂ ಗಾಡಿ ಬರ್ಲಿಲ್ಲ. ಮಗುಚಿ ಬಿದ್ದಿದ್ರೂ ಅಷ್ಟು ಹೊತ್ತು ಯಾರೂ ಬರ್ತಿರ್ಲಿಲ್ಲ ಅನ್ನೋದು ಅಲ್ಲಿ ಕೂತಾಗ ಹೊಳೀತು.

ಹಾಗಾಗಿ ಏನು ಮಾಡ್ಬೇಕು ಅಂದ್ರೆ, ಜಲ್ಲಿ ಮೇಲೆ 80 ದಾಟಬೇಡಿ, ಕಾನೂನು 100ರವರೆಗೆ ಬಿಟ್ರೂ ಅಷ್ಟೇ. ನಾನು 70ರಲ್ಲಿ ಹೋಗ್ತೀನಿ. ಬಾಡಿಗೆ ಕಂಪನಿಗಳಲ್ಲಿ ಎಷ್ಟೋ ಜನ ಗಾಡಿಗೆ ಟ್ರ್ಯಾಕರ್ ಹಾಕಿ 80ಕ್ಕಿಂತ ಜಾಸ್ತಿ ಹೋದ್ರೆ ಇನ್ಶೂರೆನ್ಸ್ ಇಲ್ಲ ಅಂತ ಬರೆಸ್ಕೊಂಡಿರ್ತಾರೆ. ಟಾರಲ್ಲಿ 32 ಇದ್ದ ಟೈರ್ ಗಾಳಿನ ಜಲ್ಲಿಗೆ ಬಂದಾಗ 26ರ ಹತ್ರ ಇಳಿಸಿ, ಟೈರು ಮೆತ್ತಗಾಗಿ ನೆಲಕ್ಕೆ ಅಗಲವಾಗಿ ಕೂರುತ್ತೆ, ಕಲ್ಲಿಗೆ ಸೀಳೋದೂ ಕಮ್ಮಿ. ಎಷ್ಟು ಅಂತ ಗಾಡಿ ಕೊಡೋನ ಹತ್ರ ಕೇಳಿ ಬರ್ಕೊಳ್ಳಿ, ಗಾಡಿ ಗಾಡಿಗೂ ವ್ಯತ್ಯಾಸ ಇರುತ್ತೆ. ಫೋರ್ ಬೈ ಫೋರ್ ಇದ್ರೆ ಜಲ್ಲಿ ಮೇಲೆ ಅದನ್ನ ಹಾಕ್ಕೊಂಡೇ ಓಡಿಸಿ, ಮರಳಿಗೆ ಮಾತ್ರ ಅಂತ ಇಟ್ಕೋಬೇಡಿ. ಜಾರೋಕೆ ಶುರುವಾದ್ರೆ ಆಕ್ಸಲರೇಟರಿಂದ ಕಾಲು ತೆಗೀರಿ, ಬ್ರೇಕ್ ಮುಟ್ಟಬೇಡಿ, ನೋಟ ರೋಡಿನ ಮೇಲಿರಲಿ, ಸ್ಟೇರಿಂಗ್ ಮೆಲ್ಲಗೆ. ಎದುರಿಗೆ ಗಾಡಿ ಬಂದ್ರೆ ಪೂರ್ತಿ ನಿಧಾನಿಸಿ, ಅವರ ಚಕ್ರದ ಕಲ್ಲು ಗಾಜಿಗೆ ಹೊಡೆಯುತ್ತೆ, ಆಮೇಲೆ ಧೂಳಲ್ಲಿ ಕೆಲವು ಸೆಕೆಂಡು ಏನೂ ಕಾಣಲ್ಲ. ಸ್ವಾಕೊಪ್‌ಮುಂಡ್ ಕಡೆ ಸಮುದ್ರದಂಚಲ್ಲಿ ಉಪ್ಪಿಂದ ಮಾಡಿದ ರೋಡುಗಳಿವೆ, ನೋಡೋಕೆ ಟಾರಿನ ಹಾಗೇ ಕಪ್ಪಗಿರುತ್ತೆ, ಬೆಳಗ್ಗೆ ಮಂಜು ಬಿದ್ದಾಗ ಸೋಪು ಸವರಿದ ಹಾಗೆ.

ರಾತ್ರಿ ಡ್ರೈವಿಂಗ್ ವಿಷಯ ನಿಮಗೆ ಹೆಚ್ಚು ಹೇಳಬೇಕಿಲ್ಲ, ಬಂಡೀಪುರದಲ್ಲಿ ರಾತ್ರಿ 9ಕ್ಕೆ ಗೇಟ್ ಯಾಕೆ ಹಾಕ್ತಾರೆ ಅಂತ ಗೊತ್ತಲ್ಲ. ಅಲ್ಲಿ ಗೇಟಿಲ್ಲ, ನೀವೇ ಹಾಕ್ಕೋಬೇಕು. ಕೂಡು ಅಂತ ಒಂದು ಜಿಂಕೆ ಜಾತಿ ಇದೆ, ತಿರುಚಿದ ಕೊಂಬು, ಗಂಡು ಇನ್ನೂರು ಕೆಜಿ ದಾಟುತ್ತೆ, ಹೆಡ್‌ಲೈಟ್ ಕಂಡ್ರೆ ಓಡಿಹೋಗೋ ಬದಲು ಲೈಟಿನ ಕಡೆಗೇ ಹಾರುತ್ತೆ. ಬಂಪರಿಗಿಂತ ಎತ್ತರದ ಪ್ರಾಣಿ, ನೇರ ಗಾಜಿಗೆ ಬರುತ್ತೆ. ಬೋಟ್ಸ್‌ವಾನಾದಲ್ಲಿ ಕತ್ತೆ, ದನ, ಮತ್ತೆ ನಾಟಾದಿಂದ ಕಸಾನೆಗೆ ಹೋಗೋ ಹೈವೇಲಿ ಆನೆ, ರಾತ್ರಿ ಆನೆ ಅನ್ನೋದು ಟಾರ್ ಬಣ್ಣದ ಗೋಡೆ. ಜುಲೈನಲ್ಲಿ ಆರು, ಆರೂಕಾಲಿಗೆ ಸೂರ್ಯ ಮುಳುಗುತ್ತೆ. ಬಹಳಷ್ಟು ಬಾಡಿಗೆ ಕರಾರಲ್ಲಿ ಊರ ಹೊರಗೆ ರಾತ್ರಿ ಓಡಿಸಿದ್ರೆ ಕವರ್ ಇಲ್ಲ ಅಂತಲೂ ಇರುತ್ತೆ. ಸಂಜೆ ನಾಲ್ಕಕ್ಕೆ ಕ್ಯಾಂಪ್ ಸೇರಿರಬೇಕು ಅಂತ ಇಟ್ಕೊಳ್ಳಿ, ಐದೂವರೆಗೆ ಅಂತ ಇಟ್ಕೊಂಡವರು ಒಂದು ಪಂಕ್ಚರ್ ಆದ್ರೆ ಕತ್ತಲಲ್ಲಿ ಇರ್ತಾರೆ. ಮ್ಯಾಪು ನಾಲ್ಕು ಗಂಟೆ ಅಂದ್ರೆ ನೀವು ಆರು ಅಂತ ಓದ್ಕೊಳ್ಳಿ.

ಈಗ ನಿಮ್ಮ ಪ್ಲ್ಯಾನನ್ನ ಈ ಲೆಕ್ಕಕ್ಕೆ ಹಾಕಿ ನೋಡಿ. 20 ದಿನದಲ್ಲಿ ಬರೋದು ಹೋಗೋದು ಮೂರು ದಿನ ಕಳೀರಿ. ಉಳಿದ 17 ದಿನಕ್ಕೆ 5,500 ಅಂದ್ರೆ ದಿನಕ್ಕೆ 320 ಕಿ.ಮೀ.ಗಿಂತ ಜಾಸ್ತಿ, ಒಂದು ದಿನಾನೂ ಬಿಡುವಿಲ್ಲದೆ, ಬಾರ್ಡರ್ ಕ್ಯೂ ಬೇರೆ. ಸ್ಪಿತಿಯಲ್ಲಿ ಒಬ್ಬರೇ ಓಡಿಸಿದ್ದೀರಿ ನಿಜ, ಅಲ್ಲಿ ಟೀ ಅಂಗಡಿ ಸಿಕ್ತಿತ್ತು, ಗಡಿ ರಸ್ತೆ ನೋಡ್ಕೊಳ್ಳೋ ಬಿಆರ್‌ಒ ಜನ ಸಿಕ್ತಿದ್ರು, ಪ್ರಪಾತ ನೋಡಿ ನಿದ್ದೆ ಬರ್ತಿರ್ಲಿಲ್ಲ. ಇಲ್ಲಿ ಮೂರನೇ ಗಂಟೆಗೆ ಬೇಜಾರೇ ಶತ್ರು. ಜೋಡಿಯಾಗಿ ಹೋದವರಲ್ಲಿ ಪಕ್ಕದ ಸೀಟಿನವರ ಮುಖ್ಯ ಕೆಲಸ "ಸಾಕು, ಇಲ್ಲೇ ನಿಲ್ಸು" ಅನ್ನೋದು, ಒಬ್ಬರೇ ಹೋದಾಗ ಆ ಮಾತು ಹೇಳೋರಿಲ್ಲ, ಹಾಗಾಗಿ ಅದನ್ನ ಮನೇಲಿ ಕೂತಾಗಲೇ ಪ್ಲ್ಯಾನಿಗೆ ಬರೆದಿಟ್ಟಿರಬೇಕು. ಇನ್ನು ಕಾಗದಪತ್ರ: ಈ ದಾರೀಲಿ ನೀವು ದಕ್ಷಿಣ ಆಫ್ರಿಕಾಗೆ ಎರಡು ಸಲ ಒಳಗೆ ಹೋಗ್ತೀರ, ಬೋಟ್ಸ್‌ವಾನಾಗೂ ಎರಡು ಸಲ, ಸಿಂಗಲ್ ಎಂಟ್ರಿ ವೀಸಾ ಸಾಲಲ್ಲ. ಗಾಡಿಗೆ ಪ್ರತಿ ದೇಶಕ್ಕೂ ಕಂಪನಿಯ ಅನುಮತಿ ಪತ್ರ, ಬಾರ್ಡರುಗಳಲ್ಲಿ ರೋಡ್ ಚಾರ್ಜು, ಒಂದು ಊರಲ್ಲಿ ತಗೊಂಡು ಇನ್ನೊಂದು ಊರಲ್ಲಿ ಬಿಟ್ರೆ ಅದಕ್ಕೆ ಬೇರೆ ಮೊತ್ತ.

ನಾನಾಗಿದ್ರೆ ಏನು ಮಾಡ್ತಿದ್ದೆ ಅಂದ್ರೆ, ನಮೀಬಿಯಾ ಒಂದೇ. ರಾಜಧಾನಿ ವಿಂಡ್‌ಹುಕಲ್ಲಿ ಇಳಿದು ಅಲ್ಲೇ ಗಾಡಿ ತಗೊಂಡು ಅಲ್ಲೇ ವಾಪಸ್. ಸೊಸುಸ್‌ಫ್ಲೇಗೆ ಹೋಗೋ ಗೇಟ್ ಇರೋ ಸೆಸ್ರೀಮ್, ಸ್ವಾಕೊಪ್‌ಮುಂಡ್, ಸ್ಪಿಟ್ಜ್‌ಕೊಪ್ಪ ಬಂಡೆಬೆಟ್ಟ, ಟ್ವೈಫಲ್‌ಫೊಂಟೇನಿನ ಕಲ್ಲಿನ ಕೆತ್ತನೆಗಳು, ಎಟೋಷಾ, ಮತ್ತೆ ವಿಂಡ್‌ಹುಕ್, ಒಳಗಿನ ಓಡಾಟ ಸೇರಿ 2,500 ಕಿ.ಮೀ. ಆಸುಪಾಸು, 14-15 ದಿನದಲ್ಲಿ ಆರಾಮ. ಮೂರು ದಿನಕ್ಕೊಮ್ಮೆ ಎರಡು ರಾತ್ರಿ ಒಂದೇ ಕಡೆ. ಇದಕ್ಕೆ ಫೋರ್ ಬೈ ಫೋರ್ ಬೇಕೇ ಬೇಕು ಅಂತಿಲ್ಲ, ಒಣ ಕಾಲದಲ್ಲಿ ಡಸ್ಟರ್ ಥರದ ಸ್ವಲ್ಪ ಎತ್ತರದ ಗಾಡಿ ಸಾಕು, ಅದು ಪಿಕಪ್ಪಿಗಿಂತ ಸುಲಭಕ್ಕೆ ಮಗುಚಲ್ಲ, ಬಾಡಿಗೇನೂ ಕಮ್ಮಿ. ಸೆಸ್ರೀಮ್ ಗೇಟಿಂದ ಸೊಸುಸ್‌ಫ್ಲೇ ಕಡೆಗೆ 60 ಕಿ.ಮೀ. ಟಾರು, ಕೊನೇ 5 ಕಿ.ಮೀ. ಮಾತ್ರ ಮರಳು, ಅಲ್ಲಿ ಗಾಡಿ ನಿಲ್ಲಿಸಿ ಶಟಲ್ ಹತ್ತಿ, ಫೋರ್ ಬೈ ಫೋರ್ ತಂದವರು ಹೂತ್ಕೊಂಡು ಒದ್ದಾಡೋದನ್ನ ನೋಡ್ಕೊಂಡು ಹೋಗಬಹುದು. ಸೆಸ್ರೀಮಲ್ಲಿ ಗೇಟಿನ ಒಳಗಿರೋ ಕ್ಯಾಂಪಲ್ಲೇ ಜಾಗ ಹಿಡೀರಿ, ಒಳಗೆ ಉಳಿದವರನ್ನ ಸೂರ್ಯ ಹುಟ್ಟೋಕೆ ಒಂದು ಗಂಟೆ ಮುಂಚೆ ಬಿಡ್ತಾರೆ. ಜುಲೈನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸ್ಕೂಲ್ ರಜ ಬೇರೆ ಇರೋದ್ರಿಂದ ಬುಕಿಂಗ್ ಈಗಲೇ ಮಾಡಿ.

ಫಾಲ್ಸ್ ಬಿಡೋಕೆ ಮನಸ್ಸಿಲ್ಲ ಅಂದ್ರೆ, ವಿಂಡ್‌ಹುಕಿಂದ ಕಪ್ರಿವಿ (ನಮೀಬಿಯಾದ ಈಶಾನ್ಯ ಮೂಲೆಯ ಕಿರಿದಾದ ಪಟ್ಟಿ) ಮೂಲಕ ಬೋಟ್ಸ್‌ವಾನಾದ ಕಸಾನೆವರೆಗೆ ಓಡಿಸಬಹುದು, ಪೂರ್ತಿ ಟಾರು, ಆದ್ರೆ ದೂರ, ಸ್ವಾಕೊಪ್‌ಮುಂಡ್ ಕೈಬಿಡಬೇಕಾಗುತ್ತೆ. ಗಾಡಿನ ಕಸಾನೆಯಲ್ಲೇ ಬಿಟ್ಟು ಟ್ಯಾಕ್ಸಿಲಿ ವಿಕ್ಟೋರಿಯಾ ಫಾಲ್ಸಿಗೆ ಹೋಗಿ ಬನ್ನಿ, 80 ಕಿ.ಮೀ. ಅಷ್ಟೇ, ಬಾಡಿಗೆ ಗಾಡಿನ ಜಿಂಬಾಬ್ವೆ ಒಳಗೆ ಒಯ್ಯೋ ಕಾಗದದ ತಲೆನೋವು ಬೇಡ. ಬೋಟ್ಸ್‌ವಾನಾದ ಒಳಕಾಡು ನೋಡಲೇಬೇಕು ಅಂದ್ರೆ ಮೌನ್ ಊರಿಂದ ಇಲ್ಲವೇ ಕಸಾನೆಯಿಂದ ಗೈಡ್ ಜೊತೆ ಹೋಗೋ ಮೂರು ದಿನದ ಕ್ಯಾಂಪಿಂಗ್ ಟ್ರಿಪ್ಪಿಗೆ ಸೇರ್ಕೊಳ್ಳಿ. ದುಬಾರಿ, ಆ ದೇಶ ಕಮ್ಮಿ ಜನ ಬರ್ಲಿ ಜಾಸ್ತಿ ದುಡ್ಡು ಕೊಡ್ಲಿ ಅಂತಲೇ ನಡೆಸ್ತಿರೋದು. ಜಲ್ಲಿ ರೋಡೇ ಬೇಡ ಅನ್ಸಿದ್ರೆ ಕೇಪ್‌ಟೌನಿಂದ ಗಾರ್ಡನ್ ರೂಟ್ ಹಿಡಿದು ಆಡ್ಡೋ ಆನೆ ಪಾರ್ಕಿನವರೆಗೆ, ಸಣ್ಣ ಹ್ಯಾಚ್‌ಬ್ಯಾಕಲ್ಲೇ ಹೋಗಬಹುದು, ಹಾಸ್ಟೆಲುಗಳಿವೆ, ಜೊತೆ ಸಿಗುತ್ತೆ. ಅಲ್ಲಿ ರೋಡಿನ ಅಪಾಯ ಕಮ್ಮಿಯಾಗಿ ಕಳ್ಳರ ಅಪಾಯ ಜಾಸ್ತಿ ಆಗುತ್ತೆ. ಗಾಡಿಯೇ ಇಲ್ಲದೆ ಬ್ಯಾಗ್ ಹಾಕ್ಕೊಂಡು ಬಸ್ಸಲ್ಲೇ ನಮೀಬಿಯಾ ಸುತ್ತೋಣ ಅನ್ನೋರೂ ಕೇಳ್ತಾರೆ, ಊರಿಂದೂರಿಗೆ ಕೊಂಬಿ ವ್ಯಾನುಗಳಿವೆ, ಆದ್ರೆ ಸೊಸುಸ್‌ಫ್ಲೇಗಾಗಲಿ ಎಟೋಷಾ ಒಳಗಾಗಲಿ ಅವು ಹೋಗಲ್ಲ. ಫಿಶ್ ರಿವರ್ ಕಣಿವೆ ಟ್ರೆಕ್ ಕೂಡ ಒಬ್ಬರನ್ನೇ ಬಿಡಲ್ಲ, ಕಮ್ಮಿ ಅಂದ್ರೆ ಮೂರು ಜನ ಇರಬೇಕು, ಡಾಕ್ಟರ್ ಸರ್ಟಿಫಿಕೇಟೂ ಬೇಕು.

ಅಣ್ಣನ ವಿಡಿಯೋಗಳ ಬಗ್ಗೆ. ಅವು ಸುಳ್ಳಲ್ಲ, ಆದ್ರೆ ಬಹುತೇಕ ಜೊಹಾನ್ಸ್‌ಬರ್ಗ್, ಕೇಪ್‌ಟೌನ್ ಥರದ ದೊಡ್ಡ ಊರುಗಳವು. ಮರುಭೂಮಿಯಲ್ಲಿ ನಿಮ್ಮನ್ನ ದೋಚೋಕೆ ಕಾಯ್ತಾ ಕೂರೋನು ಹಸಿವಿಂದಲೇ ಸಾಯ್ತಾನೆ. ವಿಂಡ್‌ಹುಕ್, ಸ್ವಾಕೊಪ್‌ಮುಂಡಲ್ಲಿ ನಡೆಯೋದು ಸಣ್ಣ ಕಳ್ಳತನ. ಕಾರಿಂದ ಇಳಿದು ರಿಮೋಟ್ ಒತ್ತಿ ಹೋಗ್ತೀರ, ಪಕ್ಕದಲ್ಲಿ ನಿಂತೋನು ಇನ್ನೊಂದು ರಿಮೋಟಲ್ಲಿ ನಿಮ್ಮ ಸಿಗ್ನಲ್ ತಡೆದಿರ್ತಾನೆ, ಲಾಕ್ ಆಗಿರಲ್ಲ. ಹಾಗಾಗಿ ಹ್ಯಾಂಡಲ್ ಎಳೆದು ನೋಡೋದು ಅಭ್ಯಾಸ ಆಗ್ಬೇಕು. ಇನ್ನೊಂದು, ಪಾರ್ಕಿಂಗಲ್ಲಿ ಯಾರೋ ಬಂದು ನಿಮ್ಮ ಟೈರಲ್ಲಿ ಗಾಳಿ ಇಲ್ಲ ಅಂತ ತೋರಿಸ್ತಾನೆ, ನೀವು ಇಳಿದು ಬಗ್ಗಿ ನೋಡೋ ಹೊತ್ತಿಗೆ ಆ ಕಡೆ ಬಾಗಿಲಿಂದ ಬ್ಯಾಗ್ ಹೋಗಿರುತ್ತೆ. ಎಟಿಎಂ ಹತ್ರ ಸಹಾಯ ಮಾಡ್ತೀನಿ ಅಂತ ಬರೋರ ಹತ್ರ ಮಾತೇ ಆಡಬೇಡಿ. ಲಗೇಜ್ ತುಂಬಿದ ಕಾರನ್ನ ಊರೊಳಗೆ ಬಿಟ್ಟು ಊಟಕ್ಕೆ ಹೋಗಬೇಡಿ, ಸೂಪರ್ ಮಾರ್ಕೆಟ್ ಮುಂದೆ ಹಳದಿ ಜಾಕೆಟ್ ಹಾಕಿ ಕಾಯೋರಿಗೆ ಐದೋ ಹತ್ತೋ ಡಾಲರ್ ಕೊಡಿ, ಅಲ್ಲಿನ ಡಾಲರ್ ನಮ್ಮ ಐದು ರೂಪಾಯಿ ಆಸುಪಾಸು. ದಕ್ಷಿಣ ಆಫ್ರಿಕಾದ ರ‍್ಯಾಂಡೂ ನಮೀಬಿಯಾದಲ್ಲಿ ಅದೇ ಬೆಲೆಗೆ ನಡೆಯುತ್ತೆ, ಆದ್ರೆ ನಮೀಬಿಯಾದ ಡಾಲರ್ ದಕ್ಷಿಣ ಆಫ್ರಿಕಾದಲ್ಲಿ ನಡೆಯಲ್ಲ.

ಹೆಣ್ಣುಮಗಳು ಒಬ್ಬಳೇ ಅನ್ನೋದಕ್ಕೆ ನಾನು ಕಳಿಸಿದ ಹೆಂಗಸರು ಹೇಳಿದ್ದನ್ನೇ ಹೇಳ್ತೀನಿ: ಕ್ಯಾಂಪ್‌ಸೈಟುಗಳಲ್ಲಿ ತೊಂದರೆ ಆಗ್ಲಿಲ್ಲ, ಅಲ್ಲಿ ತುಂಬಿರೋದು ಮಕ್ಕಳು ಮರಿ ಕಟ್ಕೊಂಡ ಕುಟುಂಬಗಳು, ರಿಟೈರ್ ಆದ ದಂಪತಿಗಳು, ಒಬ್ಬರೇ ಕಂಡ್ರೆ ಬೆಂಕಿ ಹತ್ರ ಕರೆದು ಕೂರಿಸ್ತಾರೆ, ಭಾರತ ಮೂಲದವರು ಜಾಸ್ತಿ ಇರೋ ಡರ್ಬನ್‌ನವರಾ ಅಂತ ಕೇಳ್ತಾರೆ. ಕಿರಿಕಿರಿ ಆಗಿದ್ದು ಊರುಗಳ ಪೆಟ್ರೋಲ್ ಬಂಕಲ್ಲಿ, ಒಬ್ಬರೇನಾ, ಎಲ್ಲಿಗೆ, ರಾತ್ರಿ ಎಲ್ಲಿ ಅನ್ನೋ ಪ್ರಶ್ನೆಗಳು. ಗಂಡ ಹಿಂದಿನ ಗಾಡಿಲಿ ಬರ್ತಿದಾರೆ ಅಂದ್ರೆ ಮುಗೀತು. ರೋಡ್ ಪಕ್ಕ ಎಲ್ಲೆಂದ್ರಲ್ಲಿ ಟೆಂಟ್ ಹಾಕಬೇಡಿ. ಲಿಫ್ಟ್ ಕೇಳೋರು ಸಿಗ್ತಾರೆ, ಬಿಸಿಲಲ್ಲಿ ಮಗು ಎತ್ಕೊಂಡ ತಾಯಿ ಕೂಡ ನಿಂತಿರ್ತಾರೆ, ಮನಸ್ಸು ಕಷ್ಟ ಆಗುತ್ತೆ. ನೀರಿನ ಬಾಟಲಿ ಕೊಡಿ, ಹತ್ತಿಸ್ಕೊಳ್ಳಬೇಡಿ ಅಂತಲೇ ನಾನು ಹೇಳೋದು, ಹೇಳಿ ಪ್ರತಿ ಸಲ ನನಗೇ ಸರಿ ಅನ್ಸಲ್ಲ.

ಪಂಕ್ಚರ್. ಆಗುತ್ತೆ, ಆಗೇ ಆಗುತ್ತೆ ಅಂತಲೇ ಹೊರಡಿ. ಎರಡು ಸ್ಟೆಪ್ನಿ ಕೇಳಿ ಇಸ್ಕೊಳ್ಳಿ, ಇಲ್ಲ ಅಂದ್ರೆ ರಿಪೇರಿ ಕಿಟ್ಟು, ಕಂಪ್ರೆಸರ್ರು. ಗಾಡಿ ತಗೊಳ್ಳೋವಾಗ ಅವರ ಯಾರ್ಡಲ್ಲೇ ಒಂದು ಚಕ್ರ ನೀವೇ ಬಿಚ್ಚಿ ಹಾಕಿ, ನಾಚಿಕೆ ಬೇಡ, ಅವರಿಗೆ ಅಭ್ಯಾಸ ಇದೆ. ಚಿತ್ರದುರ್ಗದ ಒಬ್ಬ ಟೀಚರಮ್ಮ ಹಾಗೆ ಮಾಡೋಕೆ ಹೋದಾಗ ಗೊತ್ತಾಯ್ತು, ನಟ್ಟುಗಳನ್ನ ಗಾಳಿ ಗನ್ನಲ್ಲಿ ಬಿಗಿದಿದ್ರು, ಅವರು ಸ್ಪ್ಯಾನರ್ ಮೇಲೆ ಹತ್ತಿ ನಿಂತು ಕುಣಿದ್ರೂ ಅಲ್ಲಾಡ್ಲಿಲ್ಲ. ಮೆಕ್ಯಾನಿಕ್ ಎಲ್ಲಾ ಸಡಿಲ ಮಾಡಿ ಕೈಲೇ ಬಿಗಿದು ಕೊಟ್ಟ, ಉದ್ದ ಪೈಪೊಂದನ್ನೂ ಕೊಟ್ಟ ಸ್ಪ್ಯಾನರಿಗೆ ಸಿಗಿಸೋಕೆ. ಐದನೇ ದಿನ ನಿಜವಾಗ್ಲೂ ಪಂಕ್ಚರ್ ಆದಾಗ 25 ನಿಮಿಷದಲ್ಲಿ ಮುಗಿಸಿದ್ರಂತೆ. ಜಾಕ್ ಕೆಳಗಿಡೋಕೆ ಒಂದು ಹಲಗೆ ತುಂಡು ಇರ್ಲಿ, ಮರಳಲ್ಲಿ ಜಾಕೇ ಕೆಳಗಿಳಿಯುತ್ತೆ. ಹತ್ತು ಲೀಟರ್ ನೀರು ಗಾಡಿಲಿ ಯಾವಾಗಲೂ. ಟ್ಯಾಂಕು ಅರ್ಧ ಆದ ಮೇಲೆ ಬಂಕ್ ಕಂಡ್ರೆ ತುಂಬಿಸಿ, ಕೆಲವು ಕಡೆ ಕಾರ್ಡ್ ನಡೆಯಲ್ಲ. ಗಾಡಿ ಕೆಟ್ರೆ ಅದನ್ನ ಬಿಟ್ಟು ನಡ್ಕೊಂಡು ಹೋಗೋಕೆ ಮಾತ್ರ ಹೋಗಬೇಡಿ.

ಬಾಡಿಗೆ ಕರಾರು ಓದೋವಾಗ ನೋಡಬೇಕಾದ್ದು ಟೈರು, ಗಾಜು, ಗಾಡಿ ಅಡಿಭಾಗ ಇವು ಕವರ್ ಆಗ್ತವಾ, ಇನ್ನೊಂದು ಗಾಡಿ ಇಲ್ಲದೆ ಆದ ಆಕ್ಸಿಡೆಂಟ್ ಕವರ್ ಆಗುತ್ತಾ ಅಂತ. "ಫುಲ್ ಕವರ್" ಅನ್ನೋ ಪದಕ್ಕೆ ಅರ್ಥ ಇಲ್ಲ. ಡೆಪಾಸಿಟ್ಟಿಗೆ ನಿಮ್ಮ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕು, ಡೆಬಿಟ್ ಕಾರ್ಡ್ ಬಹಳ ಕಡೆ ತಗೊಳ್ಳಲ್ಲ, ಲಿಮಿಟ್ ಸಾಕಾ, ಇಂಟರ್‌ನ್ಯಾಷನಲ್ ಬಳಕೆ ಆನ್ ಇದೆಯಾ ಅಂತ ಬ್ಯಾಂಕಲ್ಲಿ ಮುಂಚೇನೇ ನೋಡಿ. ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ಒಂದು ವರ್ಷ ನಡೆಯುತ್ತೆ, ಜೊತೆಗೆ ಒರಿಜಿನಲ್ ಲೈಸೆನ್ಸೂ ಇರಬೇಕು.

ಬೆಂಗಳೂರಿಂದ ಅಡಿಸ್ ಅಬಾಬಾ ಮೂಲಕ ಹೋಗೋರು ಯೆಲ್ಲೋ ಫೀವರ್ ಲಸಿಕೆ ಹಾಕಿಸ್ಕೊಂಡು ಹಳದಿ ಕಾರ್ಡ್ ಇಟ್ಕೊಳ್ಳಿ. ನಮೀಬಿಯಾದಲ್ಲಿ ಆ ಕಾಯಿಲೆ ಇಲ್ಲ, ಇಥಿಯೋಪಿಯಾ ಆ ಪಟ್ಟಿಯಲ್ಲಿದೆ, ಫ್ಲೈಟ್ ತಪ್ಪಿ ಏರ್‌ಪೋರ್ಟಿಂದ ಹೊರಗೆ ಉಳಿಯೋ ಹಾಗಾದ್ರೆ ಕಾರ್ಡ್ ಇಲ್ಲದವರನ್ನ ವಾಪಸ್ ಬಂದಾಗ ಆರು ದಿನದವರೆಗೆ ಕ್ವಾರಂಟೈನಲ್ಲಿ ಇಡಬಹುದು. ಲಸಿಕೆ ಆಗಿ ಹತ್ತು ದಿನದ ಮೇಲೆ ಆ ಕಾರ್ಡ್ ಲೆಕ್ಕಕ್ಕೆ ಬರೋದು. ಮಲೇರಿಯಾ ದಕ್ಷಿಣ ಮರುಭೂಮಿ ಕಡೆ ಇಲ್ಲ ಅನ್ನಬಹುದು, ಎಟೋಷಾ ಮತ್ತು ಅದರ ಉತ್ತರಕ್ಕೆ, ಕಪ್ರಿವಿ, ಚೋಬೆ ಕಡೆ ಇದೆ, ಜುಲೈ ಒಣ ಕಾಲ ಆದ್ರಿಂದ ಕಮ್ಮಿ. ಮಾತ್ರೆ ಬೇಕಾ ಅಂತ ಡಾಕ್ಟರ್ ಹತ್ರ ಕೇಳಿ, ವಾಪಸ್ ಬಂದ ಮೇಲೆ ಜ್ವರ ಬಂದ್ರೆ ಆಫ್ರಿಕಾಗೆ ಹೋಗಿದ್ದೆ ಅನ್ನೋದನ್ನ ಮೊದಲು ಹೇಳಿ. ಆಫ್ರಿಕಾ ಅಂತ ಬರೀ ಹತ್ತಿ ಬಟ್ಟೆ ತುಂಬ್ಕೊಂಡು ಹೋಗೋರು ಪ್ರತಿ ವರ್ಷ ಇರ್ತಾರೆ. ಜುಲೈ ಅಲ್ಲಿ ಚಳಿಗಾಲ, ಮರುಭೂಮಿಯಲ್ಲಿ ರಾತ್ರಿ ಸೊನ್ನೆ ಹತ್ರ ಹೋಗುತ್ತೆ, ಬಾಡಿಗೆ ಸ್ಲೀಪಿಂಗ್ ಬ್ಯಾಗ್ ತೆಳ್ಳಗಿರುತ್ತೆ, ಮನೆಯಿಂದ ಒಂದು ಶಾಲು ಹೆಚ್ಚಿಗೆ ಇರ್ಲಿ.

ಊಟಕ್ಕೆ ಯೋಚನೆ ಬೇಡ, ಗಾಡಿ ಜೊತೆ ಗ್ಯಾಸ್ ಒಲೆ ಬಾಡಿಗೆಗೆ ಸಿಗುತ್ತೆ, ಊರಿನ ಸೂಪರ್ ಮಾರ್ಕೆಟಲ್ಲಿ ಅಕ್ಕಿ ಬೇಳೆ ತರಕಾರಿ ಮೊಸರು ಎಲ್ಲಾ ಇದೆ, ಚಕಲಾಕಾ ಅಂತ ಡಬ್ಬಿಯಲ್ಲಿ ಖಾರದ ತರಕಾರಿ ಪಲ್ಯ ಸಿಗುತ್ತೆ, ಅನ್ನಕ್ಕೆ ಹೊಂದುತ್ತೆ. ಹೋಟೆಲಲ್ಲಿ ಮಾಂಸ ಬಿಟ್ರೆ ಚಿಪ್ಸು ಅನ್ನೋದೂ ನಿಜ. ಉತ್ತರದ ಕಡೆ ಮಹಾಂಗು ಅನ್ನೋ ಧಾನ್ಯದ ಮುದ್ದೆ ಮಾಡ್ತಾರೆ, ಆ ಧಾನ್ಯ ನಮ್ಮ ಸಜ್ಜೆಯೇ, ಕೈಲಿ ಮುರಿದು ಸೊಪ್ಪಿಗೆ ಅದ್ದಿ ತಿನ್ನೋದು. ಅಲ್ಲಿ ಕೂತು ಮುದ್ದೆ ಮುರಿದಾಗ ಆ ಮನೆಯವರು ಇವಳಿಗೆ ತಿನ್ನೋಕೆ ಬರುತ್ತಲ್ಲ ಅಂತ ನಿಮ್ಮ ಕೈ ನೋಡ್ತಾರೆ. ಸೊಪ್ಪಿಗೆ ಒಣ ಮೀನು ಹಾಕಿದಾರಾ ಅಂತ ಮೊದಲು ಕೇಳ್ಕೊಳ್ಳಿ.

ಕೊನೇದಾಗಿ ಒಂದು, ಯಾಕಂದ್ರೆ ಇದರಲ್ಲಿ ನಮ್ಮವರು ಸಿಕ್ಕಿಹಾಕ್ಕೊಂಡಿದ್ದಾರೆ. ಅಲ್ಲಿ ಗಂಟೆಗಟ್ಟಲೆ ಮೊಬೈಲ್ ಸಿಗ್ನಲ್ ಇರಲ್ಲ, ಅದಕ್ಕೆ ಸ್ಯಾಟಲೈಟ್ ಮೆಸೇಜ್ ಕಳಿಸೋ ಸಾಧನ ಇಟ್ಕೊಳ್ಳಿ ಅಂತ ಎಲ್ಲ ಕಡೆ ಬರೆದಿರ್ತಾರೆ, ಸರಿಯಾದ ಸಲಹೆನೇ. ಆದ್ರೆ ಅದನ್ನ ಆನ್‌ಲೈನಲ್ಲಿ ತರಿಸಿ ಬೆಂಗಳೂರಿಂದ ಒಯ್ಯಬೇಡಿ, ಅಲ್ಲಿ ಕೊಂಡು ವಾಪಸ್ಸೂ ತರಬೇಡಿ. ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನು, ಆ ಥರದ ಮೆಸೆಂಜರು ಇಟ್ಕೊಳ್ಳೋದು ಅಪರಾಧ, ಏರ್‌ಪೋರ್ಟಲ್ಲಿ ಹಿಡಿದು ಕೇಸ್ ಹಾಕಿದ್ದಿದೆ. ವಿಂಡ್‌ಹುಕಲ್ಲೇ ಬಾಡಿಗೆಗೆ ತಗೊಂಡು ಅಲ್ಲೇ ವಾಪಸ್ ಕೊಟ್ಟು ಬನ್ನಿ.

ಅಲ್ಲಿಗೂ ನಮಗೂ ಮೂರೂವರೆ ಗಂಟೆ ವ್ಯತ್ಯಾಸ. ನೀವು ನಾಲ್ಕಕ್ಕೆ ಕ್ಯಾಂಪ್ ಸೇರಿ "ಬಂದೆ" ಅಂತ ಕಳಿಸಿದ್ರೆ ಸಾಗರದಲ್ಲಿ ಏಳೂವರೆ, ಅಮ್ಮ ಊಟಕ್ಕೆ ಕೂರೋ ಮುಂಚೆ ತಲುಪುತ್ತೆ. ಯಾವ ಯಾವ ದಿನ ಸಿಗ್ನಲ್ ಇರಲ್ಲ ಅಂತ ಒಂದು ಹಾಳೇಲಿ ಬರೆದು ಫ್ರಿಜ್ಜಿಗೆ ಅಂಟಿಸಿ ಹೋಗಿ, ಇಲ್ಲಾಂದ್ರೆ ಆ ರಾತ್ರಿ ನಿಮ್ಮಣ್ಣ ನನಗೆ ಫೋನ್ ಮಾಡ್ತಾರೆ.